ಎಂಟು ಜ್ವರ ದಾಟಿದ ಚಿಪ್ಪು

ಮಳವಳ್ಳಿಯಿಂದ ಬ್ಲಫ್ ಅನ್ನುವ ಊರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ದೊಡ್ಡಮ್ಮನ ಕೆರೆ ಏರಿ ಕಾಣುತ್ತದೆ. ಏರಿಯ ಮೇಲೆ ಹೊಂಗೆಮರ. ಒಳಗೆ ಅರ್ಧ ಭಾಗ ನೀರು, ಇನ್ನರ್ಧ ಭಾಗ ಯಂತ್ರ ಕಚ್ಚಿ ಉಗಿದ ಗುಂಡಿ. ಹೂಳೆತ್ತುವ ಹೆಸರಿನಲ್ಲಿ ಬಂದ ಒಬ್ಬ ಕಂಟ್ರಾಕ್ಟರು ಕೆರೆಯ ಹೊಟ್ಟೆ ಸೀಳಿ, ಗೋಡು ಮಣ್ಣನ್ನೆಲ್ಲ ಇಟ್ಟಿಗೆ ಗೂಡಿಗೆ ಸಾಗಿಸಿ, ಕಾಮಗಾರಿ ಮುಗಿಯಿತೆಂದು ಬೋರ್ಡು ನೆಟ್ಟು ಹೋದ. ಬೋರ್ಡು ಮಾತ್ರ ಗಟ್ಟಿಮುಟ್ಟಾಗಿದೆ. ಆ ಬೋರ್ಡಿನ ಬಗ್ಗೆ ಎಷ್ಟು ಬರೆದರೂ ಹೊಟ್ಟೆಯುರಿ ಆರುವುದಿಲ್ಲ. ಇರಲಿ, ಅವನಿಗೆ ಇವತ್ತು ಇಷ್ಟು ಸಾಲು ಸಾಕು. ಇವತ್ತಿನ ಮಾತು ಆ ಕೆರೆಯ ಕೆಳಗಿನ ಊರಿನ ಪಟ್ಟಲಮ್ಮನದು.

ಪಟ್ಟಲಮ್ಮ ಹುಟ್ಟಿದ್ದು ಮದ್ದೂರು ತಾಲ್ಲೂಕಿನಲ್ಲಿ, ಕೊಟ್ಟಿದ್ದು ಇಲ್ಲಿಗೆ. ಮಾವ ಚಿಕ್ಕಮಾದು ಈ ಕೆರೆಯ ನೀರುಗಂಟಿಯಾಗಿದ್ದವರು. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿ ಬಿಡುವ ಕೆಲಸ. ಊರಿನವರು ಉಂಡ ಅನ್ನವೆಲ್ಲ ಈ ಮನೆತನದ ಕೈ ಬಿಟ್ಟ ನೀರಿನಲ್ಲಿ ಬೆಳೆದದ್ದು. ಆದರೆ ಚಿಕ್ಕಮಾದು ಅವರ ತಾಯಿ ಕೆರೆಯ ಮೆಟ್ಟಿಲು ಇಳಿದು ಒಂದು ಕೊಡ ನೀರು ತುಂಬಿಕೊಳ್ಳುವ ಹಾಗಿರಲಿಲ್ಲ. ತೂಬಿಗೆ ಕೈ ಹಾಕಿದಾಗ ಕೆಡದ ನೀರು ಮೆಟ್ಟಿಲಿಗೆ ಕಾಲಿಟ್ಟರೆ ಹೇಗೆ ಕೆಡುತ್ತಿತ್ತೋ, ಅದನ್ನು ಯಾವ ವಿಜ್ಞಾನಿಯೂ ಇನ್ನೂ ಕಂಡುಹಿಡಿದಿಲ್ಲ ಸ್ವಾಮಿ.

ಮದುವೆಗೆ ಮುಂಚಿನಿಂದಲೂ ಪಟ್ಟಲಮ್ಮ ದುಡಿದದ್ದು ಚಾಕಿ ಕೇಂದ್ರದಲ್ಲಿ. ರೇಷ್ಮೆ ಬೆಳೆಯುವವರಿಗೆ ಇದು ಗೊತ್ತಿರುವ ವಿಷಯ, ಮಿಕ್ಕವರಿಗೆ ಹೇಳುತ್ತೇನೆ. ಮೊಟ್ಟೆ ಒಡೆದು ಹೊರಬರುವ ರೇಷ್ಮೆ ಮರಿ ಕೂದಲಿನ ತುಂಡಿನಷ್ಟಿರುತ್ತದೆ. ಅದನ್ನು ಮೊದಲ ಎರಡು ಜ್ವರ ದಾಟಿಸಿ ರೈತರ ಕೈಗೆ ಕೊಡುವ ಜಾಗ ಚಾಕಿ ಕೇಂದ್ರ. ಜ್ವರ ಅಂದರೆ ಕಾಯಿಲೆ ಅಂದುಕೊಳ್ಳಬೇಡಿ. ಹುಳು ಹಳೇ ಚರ್ಮ ಕಳಚಿ ಹೊಸ ಚರ್ಮಕ್ಕೆ ಬರುವ ಹೊತ್ತನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಹುಳು ತಿನ್ನುವುದಿಲ್ಲ, ಸರಿದಾಡುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಕೂತುಬಿಡುತ್ತದೆ. ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ, ಮನೆಯಲ್ಲಿ ಜೋರಾಗಿ ಮಾತಾಡುವವರನ್ನೂ ಗದರುತ್ತಾರೆ. ರೇಷ್ಮೆ ಹುಳುವಿನ ಬಾಳಿನಲ್ಲಿ ಹೀಗೆ ನಾಲ್ಕು ಜ್ವರ.

ಆ ಮರಿಗಳನ್ನು ಬೆರಳಲ್ಲಿ ಎತ್ತಿದರೆ ಸತ್ತವು. ಕೋಳಿ ಗರಿಯ ತುದಿಯಲ್ಲಿ ನೇವರಿಸಿ ತಟ್ಟೆಗೆ ಇಳಿಸಬೇಕು. ಜೊತೆಗೆ ಚಾಕಿ ಮನೆಯಲ್ಲಿ ಒಂದು ಕಟ್ಟಪ್ಪಣೆ ಉಂಟು: ತಟ್ಟೆಯಲ್ಲಿರುವ ಹುಳುಗಳೆಲ್ಲ ಒಂದೇ ಸಮ ಇರಬೇಕು. ಸಣ್ಣದು, ಹಿಂದೆ ಬಿದ್ದದ್ದು, ಪೀಚು ಕಂಡರೆ ಆ ಕ್ಷಣವೇ ಆರಿಸಿ ಹೊರಗೆ ಹಾಕಿ, ತಟ್ಟೆ ತೊಳೆದಿಡಬೇಕು. ಒಂದು ಪೀಚು ಉಳಿದರೂ ಮನೆ ಪೂರ್ತಿ ರೋಗ. ಇದು ಪಟ್ಟಲಮ್ಮನ ತಲೆಯಲ್ಲಿದ್ದ ಪಾಠವಲ್ಲ, ಕೈಯೊಳಗೆ ಇಳಿದುಹೋಗಿದ್ದ ಅಭ್ಯಾಸ. ಇದನ್ನು ನೆನಪಿಟ್ಟುಕೊಳ್ಳಿ.

ಚಾಕಿ ಮನೆ ತೊಳೆಯುವ ಔಷಧಿಯ ಘಾಟು ವರ್ಷಗಟ್ಟಲೆ ಕುಡಿದು ಪಟ್ಟಲಮ್ಮನ ಎದೆ ಕಟ್ಟಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಮಲಗಿದರೆ ಸಿಳ್ಳೆ. ಮಳವಳ್ಳಿಯ ಡಾಕ್ಟರು, "ಈ ಕೆಲಸ ಬಿಡಬೇಕಮ್ಮ" ಅಂದರಂತೆ. "ಬುಟ್ಟು?" ಅಂತ ಪಟ್ಟಲಮ್ಮ ಕೇಳಿದರಂತೆ. ಮಾರನೇ ದಿನ ಮತ್ತೆ ಚಾಕಿ ಮನೆಗೇ ಹೋದರಂತೆ.

ಅಂಥ ಹೊತ್ತಿನಲ್ಲಿ ಬಂದವರು ಅಮೃತ. ಬೆಸಗರಹಳ್ಳಿಯವರು, ಮಂಡ್ಯದಲ್ಲಿ ಸಂಶೋಧನೆ ಮಾಡುತ್ತಿರುವ ಹೆಣ್ಣುಮಗಳು. ಮನೆಯಲ್ಲಿ ರೇಷ್ಮೆ ಇದ್ದುದರಿಂದ ಅಪ್ಪನ ಜೊತೆ ಚಾಕಿ ಹುಳು ಒಯ್ಯಲು ಬಂದಿದ್ದರು. ಪಟ್ಟಲಮ್ಮ ಗರಿ ಆಡಿಸುವುದನ್ನು ನೋಡುತ್ತಾ ನಿಂತುಬಿಟ್ಟರು.

"ಅಕ್ಕ, ಇದಕ್ಕಿಂತ ಸಣ್ಣದನ್ನ ಎತ್ತಕ್ಕಾಯ್ತದಾ ನಿಮ್ಗೆ?"

"ಇದ್ಕಿಂತ ಸಣ್ಣದು ಏನವ್ವ ಅದೆ? ದೂಳಾ?"

"ಎಚ್ಚುಕಮ್ಮಿ ಅದೇ ಅನ್ಕೊಳಿ."

"ಅಲ್ಲಿ ಔಸ್ದಿ ವಾಸ್ನೆ ಅದಾ?"

"ಇಲ್ಲ. ಬರೀ ಕೆರೆ ಮಣ್ಣು."

"ಅಂಗಾರೆ ಬತ್ತೀನಿ ನಡಿ."

ಹೀಗೆ ಪಟ್ಟಲಮ್ಮ ವಿಜ್ಞಾನಕ್ಕೆ ಬಂದರು. ಮಂಡ್ಯದ ಒಂದು ಕಾಲೇಜಿನ ಹಿಂದುಗಡೆ ಶೀಟು ಹೊದಿಸಿದ ಉದ್ದನೆ ಕೋಣೆಗೆ. ಅದು ಪ್ರೊಫೆಸರ್ ರವಿಚಂದ್ರ ಅವರ ಪ್ರಯೋಗಶಾಲೆ. ರವಿಚಂದ್ರ ಮದ್ದೂರು ಕಡೆಯ ಬೇಸಾಯಗಾರರ ಮನೆಯವರು, ಗಂಟಲು ದೊಡ್ಡದು, ಕೋಪ ಮೂಗಿನ ತುದಿಯಲ್ಲೇ. ಅವರು ಬದುಕೆಲ್ಲ ಹುಡುಕಿದ್ದು ಆಸ್ಟ್ರಕೋಡ್ ಅನ್ನುವ ಜೀವಿಯನ್ನು. ಅದು ಸಿಗಡಿ, ಏಡಿಗಳ ಕುಲ. ಆದರೆ ಎಳ್ಳಿನ ಪಕ್ಕ ಇಟ್ಟರೆ ಎಳ್ಳು ಬಂಡೆಯ ಹಾಗೆ ಕಾಣಬೇಕು, ಅಷ್ಟು ಸಣ್ಣದು. ಅವರೆಕಾಳಿನ ಆಕಾರದ ಎರಡು ಚಿಪ್ಪು, ಅದರ ಮಧ್ಯೆ ಸಂಸಾರ. ಸತ್ತರೆ ಮೈ ಕರಗುತ್ತದೆ, ಚಿಪ್ಪು ಕೆಸರಿನಲ್ಲಿ ಉಳಿಯುತ್ತದೆ. ಸಾವಿರ ವರ್ಷವೂ ಉಳಿಯುತ್ತದೆ, ಕಲ್ಲಾಗಿ ಕೋಟಿ ವರ್ಷವೂ ಉಳಿಯುತ್ತದೆ. ನೀರು ಸಿಹಿಯೋ ಉಪ್ಪೋ, ನಿಂತಿತ್ತೋ ಹರಿಯುತ್ತಿತ್ತೋ, ಆ ಚಿಪ್ಪನ್ನು ನೋಡಿ ಹೇಳುತ್ತಾರೆ.

ಕಂಟ್ರಾಕ್ಟರನ ಯಂತ್ರ ಬರುವ ಮುಂಚಿನ ಬೇಸಿಗೆಯಲ್ಲಿ, ದೊಡ್ಡಮ್ಮನ ಕೆರೆ ಒಣಗಿದ್ದಾಗ, ರವಿಚಂದ್ರ ಒಂದು ಕೊಳವೆಯನ್ನು ಕೆರೆಯ ನಡುಮಧ್ಯೆ ಬಡಿದಿಳಿಸಿ ಮಣ್ಣಿನ ಕಂಬ ಎತ್ತಿದ್ದರು. ಕಂಬದ ತುದಿ ಮೊನ್ನೆಮೊನ್ನೆಯ ಹೂಳು, ಬುಡ ಸಾವಿರ ವರ್ಷದ ಹಿಂದಿನದು. ಅದನ್ನು ಉದ್ದಕ್ಕೆ ಸೀಳಿ ಒಂದು ಹೋಳನ್ನು ಕೆಲಸಕ್ಕೆ ಇಟ್ಟುಕೊಂಡರು. ಇನ್ನೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಣ್ಣನೆ ಬೀರುವಿನಲ್ಲಿ ಬೀಗ ಹಾಕಿಟ್ಟರು. ಅದು ಮುಂದೆ ಬರುವವರ ಪಾಲು, ಮುಟ್ಟುವಂತಿಲ್ಲ ಅಂತ ಕಟ್ಟಳೆ. ಕೆಲಸದ ಹೋಳಿನ ಮೇಲಿನ ಪದರಗಳನ್ನು ಅಮೃತ ತಾವೇ ಆರಿಸಿ ಮುಗಿಸಿದ್ದರು. ಕೆಳಗಿನ ಪದರಗಳು ಪಟ್ಟಲಮ್ಮನ ಪಾಲಿಗೆ ಬಂದವು.

ಮಣ್ಣು ನೆನೆಸಿ, ಸಣ್ಣ ಜರಡಿಯಲ್ಲಿ ತೊಳೆದು, ಒಣಗಿಸಿ, ಉಳಿದ ಪುಡಿಯನ್ನು ಕಪ್ಪು ತಟ್ಟೆಯಲ್ಲಿ ಹರಡಿ ಮೈಕ್ರೋಸ್ಕೋಪಿನ ಕೆಳಗೆ ಇಡುವುದು. ಒದ್ದೆ ಕುಂಚದ ತುದಿಗೆ ಚಿಪ್ಪನ್ನು ಅಂಟಿಸಿಕೊಂಡು ಚೌಕಳಿ ಹಾಕಿದ ಪಟ್ಟಿಯ ಮೇಲೆ ಇಳಿಸುವುದು. ಮೊದಲ ದಿನ ಅಮೃತ ಹೇಳಿಕೊಟ್ಟದ್ದು ಇಷ್ಟು: "ಮರಳು ಬೇಡ, ಒಡೆದಿರೋದು ಬೇಡ. ಇಂಥದ್ದು ಕಂಡ್ರೆ ಎತ್ತಿಡಿ." ತೋರಿಸಿದ್ದು ತುಂಬಿದ, ಚೆಂದದ, ದೊಡ್ಡ ಚಿಪ್ಪೊಂದನ್ನು. ಅದು ಏನು, ಎತ್ತಿದ ಮೇಲೆ ಅದರಿಂದ ಏನು ತಿಳಿಯುತ್ತದೆ, ಯಾರೂ ಹೇಳಲಿಲ್ಲ. ಪಟ್ಟಲಮ್ಮನೂ ಕೇಳಲಿಲ್ಲ. ಕೂಲಿಗೆ ಬಂದ ಹೆಂಗಸು ಪ್ರಶ್ನೆ ಕೇಳಿದರೆ ನಮ್ಮ ಕಡೆ ಏನೆನ್ನುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆ ಕೋಣೆಯಲ್ಲಿ ಎಲ್ಲರೂ ಅದನ್ನು ಸ್ಪೆಸಿಮನ್ ಅನ್ನುತ್ತಿದ್ದರು. ಪಟ್ಟಲಮ್ಮ ಅದನ್ನು ಮಣ್ಣಿನೊಳಗೆ ತಾನಾಗಿ ಹುಟ್ಟುವ ಒಂದು ಬಗೆ ಮುತ್ತು ಅಂದುಕೊಂಡರು.

"ಬಸ್ಸಲ್ಲಿ ಬರೋವಾಗ್ಲೂ ಕಣ್ಮುಂದೆ ಅವೇ ಕಣಣ್ಣ," ಅಂತ ಆಮೇಲೆ ನನಗೆ ಹೇಳಿದರು. "ಒಂದೊಂದ್ರ ಮ್ಯಾಲೂ ಚುಕ್ಕೆ, ಗೆರೆ, ಗುಳಿ. ಇಷ್ಟು ಸಣ್ಣದ್ರ ಮ್ಯಾಲೆ ಯಾರು ಕುಂತ್ಕೊಂಡು ಕೆತ್ತವ್ರೋ ಅನ್ನದು."

ಎದೆ ಹಗುರಾಯಿತು. ಕೋಣೆಯ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದು ಬೇಡವಾಯಿತು. ಮಲಗಿದರೆ ಬೆಳಗಿನ ತನಕ ನಿದ್ದೆ. ಇಡೀ ಪ್ರಯೋಗಶಾಲೆಯಲ್ಲಿ ಪಟ್ಟಲಮ್ಮನ ಪಟ್ಟಿಗಳಷ್ಟು ಅಚ್ಚುಕಟ್ಟಾದವು ಇನ್ಯಾರವೂ ಇರಲಿಲ್ಲ. ಎಲ್ಲ ಚಿಪ್ಪೂ ಒಂದೇ ಸಮ. ಸಂಜೆ ಹೊರಡುವ ಮುಂಚೆ ಕಪ್ಪು ತಟ್ಟೆಯಲ್ಲಿ ಉಳಿದದ್ದನ್ನು ತೊಟ್ಟಿಯಲ್ಲಿ ತೊಳೆದು ಒರೆಸಿಟ್ಟು ಬರುತ್ತಿದ್ದರು. ಬಂದ ಅತಿಥಿಗಳಿಗೆಲ್ಲ ರವಿಚಂದ್ರ, "ನೋಡ್ರಿ, ಇದು ಕೆಲಸ ಅಂದ್ರೆ" ಅಂತ ಆ ಪಟ್ಟಿಗಳನ್ನು ತೋರಿಸುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಆಸ್ಟ್ರಕೋಡ್ ಮಂದಿಯ ಸಭೆ ಮಂಡ್ಯದಲ್ಲಿ ನಡೆಯಿತು. ಮೊದಲ ದಿನ ಭಾಷಣ, ಮಾರನೇ ದಿನ ದೊಡ್ಡಮ್ಮನ ಕೆರೆಗೆ ಪ್ರವಾಸ. "ಕೆರೆ ವಿಚಾರ ಬರೀತೀರಲ್ಲ, ಬನ್ನಿ" ಅಂತ ಅಮೃತ ಕರೆದರು. ಎಲ್ಲೆಲ್ಲಿಂದಲೋ ಬಂದಿದ್ದರು. ಲಕ್ನೋದವರು, ಚೆನ್ನೈನವರು, ಜಪಾನಿನಿಂದ ಒಬ್ಬ ಹಿರಿಯ ಹೆಂಗಸು. ಒಬ್ಬರು ಅರಿಯಲೂರು ಅನ್ನುವ ಊರಿನ ಕಲ್ಲಿನಿಂದ ಬಿಡಿಸಿದ ಚಿಪ್ಪನ್ನು ಪರದೆಯ ಮೇಲೆ ತೋರಿಸಿದರು. ಅಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತಂತೆ. ಪರದೆ ತುಂಬ ಒಂದು ಚಿಪ್ಪು, ಅದರ ಮೇಲೆ ಗುಡಿಯ ಜಾಲಂಧ್ರದ ಹಾಗೆ ಕುಸುರಿ. ಊಟಕ್ಕೆ ಕೂತಾಗ ಇಬ್ಬರು ಗಂಡಸರು ಚಿಪ್ಪಿನ ಅಂಚಿನಲ್ಲಿರುವ ಒಂದು ಹಲ್ಲಿನ ಬಗ್ಗೆ ಜಗಳಕ್ಕೆ ಬಿದ್ದು ಸಾರು ತಣ್ಣಗಾಗಿಸಿಕೊಂಡರು. ಗದ್ದೆಬದುವಿಗೆ ಜಗಳ ಆಡುವುದನ್ನು ಕಂಡಿದ್ದೇನೆ, ಗ್ರಾಮ ಪಂಚಾಯಿತಿ ಕುರ್ಚಿಗೆ ಆಡುವುದನ್ನೂ ಕಂಡಿದ್ದೇನೆ. ಕಣ್ಣಿಗೆ ಕಾಣದ ಹಲ್ಲಿಗೆ ಇಷ್ಟು ಪ್ರೀತಿಯಿಂದ ಜಗಳವಾಡುವವರನ್ನು ಕಂಡದ್ದು ಅದೇ ಮೊದಲು. ಜಗತ್ತಿನಲ್ಲಿ ಇಂಥವರೂ ಇದ್ದಾರಲ್ಲ ಅಂತ ಮನಸ್ಸು ತುಂಬಿಬಂತು.

ಮಧ್ಯಾಹ್ನ ರವಿಚಂದ್ರ ಅವರ ಸರದಿ. ಕೊನೆಯ ಸಾಲಿನಲ್ಲಿ ನಾನು, ನನ್ನ ಪಕ್ಕ ಪಟ್ಟಲಮ್ಮ, ಅವರ ಆಚೆ ಅಮೃತ. ಮಾತೆಲ್ಲ ಇಂಗ್ಲಿಷಿನಲ್ಲಿ. ಸುಮ್ಮನೆ ಕೂತ ಪಟ್ಟಲಮ್ಮನನ್ನು ನೋಡಿ ಏನನ್ನಿಸಿತೋ, ಅಮೃತ ಕಿವಿಯ ಹತ್ತಿರ ಕನ್ನಡದಲ್ಲಿ ಹೇಳುತ್ತಾ ಹೋದರು.

"ಇವು ಬದುಕಿದ್ದ ಪ್ರಾಣಿಗಳು ಅಕ್ಕ. ಚಿಪ್ಪಿನೊಳಗೆ ಕಾಲು, ಮೀಸೆ, ಕಣ್ಣು ಎಲ್ಲಾ ಇದ್ದೋ. ಬೆಳೆದಂಗೆಲ್ಲ ಹಳೇ ಚಿಪ್ಪು ಕಳಚಿ ಹೊಸದು ಕಟ್ಕೊಳ್ತವೆ."

ಪಟ್ಟಲಮ್ಮ ತಿರುಗಿದರು. "ಜ್ವರ ಬತ್ತದಾ ಇವುಕ್ಕೂ?"

"ಊಂ, ಜ್ವರಾನೇ ಅನ್ನಿ. ಎಂಟು."

"ಎಂಟು ಜ್ವರವಾ!"

ಆ ಮುಖವನ್ನು ನಾನು ನೋಡಿದೆ. ನಾಲ್ಕು ಜ್ವರ ದಾಟಿಸುವುದೇ ಎಷ್ಟು ಕಷ್ಟ ಅಂತ ಬಲ್ಲ ಹೆಂಗಸು ಎಂಟು ಅನ್ನುವ ಮಾತು ಕೇಳಿ ಬಾಯಿ ತೆರೆದು ಪರದೆ ನೋಡುತ್ತಾ ಕೂತಿದ್ದರು. ಅಷ್ಟರಲ್ಲಿ ಪರದೆಯ ಮೇಲೆ ದೊಡ್ಡಮ್ಮನ ಕೆರೆ ಬಂತು. ಅಮೃತ ಉತ್ಸಾಹದಿಂದ ಹೇಳುತ್ತಲೇ ಇದ್ದರು.

"ಮೇಲಿನ ಪದರದಲ್ಲಿ ಸಣ್ಣ ಚಿಪ್ಪೂ ಇವೆ, ದೊಡ್ಡವೂ ಇವೆ. ಅಂದ್ರೆ ಅಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಸತ್ತಿವೆ. ನೀರು ನಿಂತಿತ್ತು. ಕೆಳಗಿನ ಪದರದಲ್ಲಿ ಬರೀ ದೊಡ್ಡವು. ಹರಿಯೋ ನೀರು ಮೊರದಲ್ಲಿ ಕೇರಿದಂಗೆ ಸಣ್ಣವನ್ನ ಮುಂದಕ್ಕೆ ತಳ್ಕೊಂಡು ಹೋಗಿದೆ. ಅದಕ್ಕೇ ಸಾರ್ ಹೇಳ್ತಾ ಇರೋದು, ಮೊದಲು ಅಲ್ಲಿ ಕೆರೇನೇ ಇರ್ಲಿಲ್ಲ, ಹಳ್ಳ ಹರೀತಿತ್ತು ಅಂತ."

ಚಪ್ಪಾಳೆ ಬಿತ್ತು. ನನ್ನ ಮೈ ಉರಿಯಿತು. ಇದು ಕೆರೆಯಲ್ಲ ಹಳ್ಳ ಅಂತ ಯಾರಾದರೂ ಓದಿದವರು ಹೇಳಲಿ ಅಂತಲೇ ಅಳತೆ ಟೇಪು ಹಿಡಿದು ಕಾಯುತ್ತಾ ಕೂತ ಸೈಟು ವ್ಯಾಪಾರದವರನ್ನು ನಾನು ಬಲ್ಲೆ. ಅದನ್ನು ಹೇಳೋಣ ಅಂತ ಪಕ್ಕಕ್ಕೆ ತಿರುಗಿದರೆ ಪಟ್ಟಲಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದರು. ಕಾಫಿ ಬರುವ ಮುಂಚೆಯೇ ಎದ್ದು ಹೋದರು.

ಅವತ್ತು ಸಂಜೆ ಜಗಲಿಯ ಮೇಲೆ ನಡೆದದ್ದನ್ನು ಮಾವ ಸೊಸೆ ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ. ಇಬ್ಬರದೂ ಒಂದೇ ಕಥೆ.

"ಯಾಕವ್ವ, ಸಪ್ಗಿದ್ದೀಯೆ?" ಅಂತ ಚಿಕ್ಕಮಾದು ಕೇಳಿದರು.

"ಮಾವ, ಕೆರೆ ಮಣ್ಣಲ್ಲಿ ಸಣ್ಣವೂ ಇದ್ದೋ. ನಾನು ಪೀಚು ಅಂತ ತೊಳ್ದು ಬುಟ್ಬುಟ್ಟೆ. ದಿನಾ. ಅವು ಇದ್ರೆ ಒಂದು ಲೆಕ್ಕ, ಇಲ್ದಿದ್ರೆ ಒಂದು ಲೆಕ್ಕವಂತೆ ಅವ್ರಿಗೆ."

"ಅವ್ರು ಕೇಳುದ್ರಾ ನಿನ್ನ?"

"ಇಲ್ಲ."

"ಕೇಳ್ದೆ ಇರೋರ್ಗೆ ಯಾಕೆ ಯೋಳಿಯೆ? ಸುಮ್ಕಿರು. ಯೋಳುದ್ರೆ ಕೆಲ್ಸ ಓಯ್ತದೆ. ತಿರ್ಗಾ ಚಾಕಿ ಮನೆ, ತಿರ್ಗಾ ಆ ಏದುಸ್ರು. ಮಾತಾಡಿ ನಮ್ಮೋರು ಯಾರು ಉದ್ದಾರಾಗವ್ರೆ?"

ಪಟ್ಟಲಮ್ಮ ಮಾವನ ಪಕ್ಕ ಕೂತರು. ಆಮೇಲೆ ಅಂದರು, "ಅದ್ಕೇ ಅಲ್ಲಿ ಕೆರೇನೇ ಇರ್ನಿಲ್ಲ ಅಂದ್ರು ಮಾವ. ಬರೀ ಅಳ್ಳ ಅರೀತಿತ್ತಂತೆ."

ಮುದುಕರು ಬೀಡಿ ಕೆಳಗಿಟ್ಟರು. "ಏನಂದೆ?"

"ಅಳ್ಳವಂತೆ."

"ನಮ್ಮಪ್ಪ, ಅವ್ರಪ್ಪ, ಅವ್ರಪ್ಪ, ಎಲ್ಲಾ ಅಳ್ಳ ಕಾಯ್ತಿದ್ರಾ? ಅಳ್ಳಕ್ಕೆ ಯಾವ ಬಡ್ಡಿಮಗ ತೂಬು ಇಕ್ತಾನ್ಲಾ?" ಅಂತ ಬೀದಿಗೆ ಕೇಳುವ ಹಾಗೆ ಕೂಗಿದರು. ಆಮೇಲೆ ತಾವೇ ತಣ್ಣಗಾಗಿ, "ಯೋಳ್ಬುಡು ಕಣವ್ವ. ಓದ್ರೆ ಓಗ್ಲಿ" ಅಂದರು.

"ನನ್ನ ಉಸ್ರು ಮಾವ?"

ಚಿಕ್ಕಮಾದು ಕೆಳಗಿಟ್ಟ ಬೀಡಿಯನ್ನು ಮತ್ತೆ ಎತ್ತಿಕೊಂಡರು.

ಮಾರನೇ ಬೆಳಿಗ್ಗೆ ಬಸ್ಸು ಏರಿಯ ಮೇಲೆ ನಿಂತಿತು. ಟೋಪಿ, ಬ್ಯಾಗು, ಜರಡಿ, ಕ್ಯಾನುಗಟ್ಟಲೆ ನೀರು ಎಲ್ಲ ಇಳಿಯಿತು. ಚಿಕ್ಕಮಾದು ಹೊಂಗೆಮರದ ಕೆಳಗೆ ಟವಲು ಹೊದ್ದು ಕೂತು ನೋಡುತ್ತಿದ್ದರು.

"ಏನ್ ಸೋಮಿ, ಸೊಳ್ಳೆಗಿಂತ ಸಣ್ಣದುನ್ನ ನೋಡಕ್ಕೆ ಇಷ್ಟು ದೊಡ್ಡ ಬಸ್ಸಾ? ಸಿಕ್ಕುದ್ರೆ ಎಲ್ಲಿ ಕುಂಡ್ರುಸ್ಕೊಂಡು ಓದೀರಿ?" ಅಂತ ನನ್ನನ್ನು ಕೆಣಕಿದರು. ಕಣ್ಣು ಮಾತ್ರ ಸೊಸೆಯ ಮೇಲಿತ್ತು.

ಯಂತ್ರ ಕಡಿದ ಗುಂಡಿಯ ಪಕ್ಕ ಕೆರೆಯ ಮಣ್ಣು ಗೋಡೆಯ ಹಾಗೆ ನಿಂತಿತ್ತು. ಮೇಲೆ ಕಂದು, ಅದರ ಕೆಳಗೆ ಕಪ್ಪು, ತಳದಲ್ಲಿ ಬೂದಿ ಬಣ್ಣದ ಪಟ್ಟೆ. ಕಂಟ್ರಾಕ್ಟರನ ಕಳ್ಳತನ ಸಾವಿರ ವರ್ಷವನ್ನು ಹೀಗೆ ಬಿಸಿಲಿಗೆ ಬಿಚ್ಚಿಟ್ಟಿತ್ತು. ರವಿಚಂದ್ರ ಕೋಲಿನಿಂದ ಬೂದಿ ಪಟ್ಟೆಯನ್ನು ಮುಟ್ಟಿ, ಇದೇ ಹಳ್ಳದ ಪದರ ಅಂತ ಶುರುಮಾಡಿದರು.

"ಸಾರ್, ಒಂದ್ ಮಾತು," ಅಂದರು ಪಟ್ಟಲಮ್ಮ.

"ಆಮೇಲಮ್ಮ. ನೀರಿನ ಬಾಟ್ಲಿ ಎಲ್ಲರಿಗೂ ಕೊಟ್ಟಾಯ್ತಾ?"

"ಕೊಟ್ಟೆ. ಸಾರ್, ಅದು ಅಳ್ಳ ಅಲ್ಲ."

ರವಿಚಂದ್ರ ಕೋಲು ಇಳಿಸಿದರು. "ಏನು?"

"ಸಣ್ಣವು ಇದ್ದೋ ಸಾರ್. ಬೇಕಾದಷ್ಟು ಇದ್ದೋ. ನಾನೇ ದೊಡ್ಡವ ಆರ್ಸಿ, ಸಣ್ಣವ ತೊಳ್ದು ಬುಟ್ಟೆ. ಚಾಕಿ ಮನೇಲಿ ಅಂಗೇ ಮಾಡದು."

"ತೊಳೆದು... ಎಲ್ಲಿಗೆ?"

"ತೊಟ್ಟಿಗೆ."

"ಎಲ್ಲಾ ಪದರದ್ದೂವಾ?"

"ನಾನು ಬಂದಾಗ್ಲಿಂದ ಎಲ್ಲಾದ್ದೂ."

ರವಿಚಂದ್ರ ಕೂಗಿಕೊಂಡರು. ಆಚೆ ದಡದ ಕೊಕ್ಕರೆಗಳು ಎದ್ದು ಹಾರಿದವು. "ನನ್ನ ಇಡೀ ಕೆಲ್ಸಾನ ಮೋರಿಗೆ ಬಿಟ್ಬುಟ್ಯಲ್ಲಮ್ಮ! ನಿನ್ನೆ ಅಷ್ಟು ಜನರ ಮುಂದೆ ನಿಂತು... ಸಣ್ಣದ್ದು ಬಿಸಾಕು ಅಂತ ಯಾರು ಹೇಳಿದ್ರು ನಿಂಗೆ?"

ಪಟ್ಟಲಮ್ಮನ ಎದೆ ಏರಿಳಿಯುತ್ತಿತ್ತು. ಹಳೇ ಸಿಳ್ಳೆ ಮತ್ತೆ ಕೇಳಿಸಿತು. ಆದರೂ ನಿಂತಲ್ಲಿಂದ ಕದಲಲಿಲ್ಲ.

"ಯಾರೂ ಯೋಳ್ನಿಲ್ಲ ಸಾರ್. ಬುಡು ಅಂತಾನೂ ಯೋಳ್ನಿಲ್ಲ, ಮಡಿಕ್ಕೊ ಅಂತಾನೂ ಯೋಳ್ನಿಲ್ಲ. ಇವು ಬದುಕಿದ್ದೋವು ಅಂತಾನೇ ಯಾರೂ ಯೋಳ್ನಿಲ್ಲ. ನಂಗೆ ಗೊತ್ತಾಗಿದ್ದು ನೆನ್ನೆ. ಜ್ವರಕ್ಕೆ ಕುಂತೋವು ಅಂತ ಗೊತ್ತಿದ್ರೆ ನಾನು ಮುಟ್ತಿದ್ನಾ ಸಾರ್?"

ಸ್ವಾಮಿ, ಈ ಮಾತನ್ನು ಇನ್ನೊಂದು ಸಲ ಓದಿ. ಕೈ ಬೇಕು, ಆ ಕೈಯ ಮೇಲೆ ಒಂದು ತಲೆಯಿದೆ ಅನ್ನುವುದು ಬೇಡ. ಗಾರೆ ಕೆಲಸದವನಿಗೆ ಮನೆಯ ನಕ್ಷೆ ತೋರಿಸುವುದಿಲ್ಲ, ಆಸ್ಪತ್ರೆ ಆಯಾಗೆ ಕಾಯಿಲೆಯ ಹೆಸರು ಹೇಳುವುದಿಲ್ಲ, ನೀರುಗಂಟಿಗೆ ಮೆಟ್ಟಿಲು ಬಿಡುವುದಿಲ್ಲ. ಆಮೇಲೆ ಎಡವಟ್ಟಾದರೆ, ಯಾರು ಹೇಳಿದ್ರು ನಿಂಗೆ ಅಂತ ಗದರುತ್ತೇವೆ. ಯಾರೂ ಹೇಳದೇ ಇದ್ದದ್ದೇ ಅಲ್ಲವೇ ಎಡವಟ್ಟು?

ಅಮೃತ ಮುಂದೆ ಬಂದರು. "ಸಾರ್, ಹೇಳಿಕೊಡಬೇಕಾದವಳು ನಾನು. ಹೇಳಲಿಲ್ಲ." ಆಮೇಲೆ ತಮಗೆ ತಾವೇ ಅನ್ನುವಂತೆ, "ಮೇಲಿನದು ನಾನು ಆರಿಸಿದ್ದು, ಕೆಳಗಿನದು ಅಕ್ಕ ಆರಿಸಿದ್ದು. ನಾವು ಕೆರೆ ಹುಟ್ಟಿದ ಕಾಲ ಅಂತ ಎಳೆದ ಗೆರೆ ಇದೆಯಲ್ಲ ಸಾರ್, ಅದು ಅಕ್ಕ ಕೆಲಸಕ್ಕೆ ಸೇರಿದ ದಿನ" ಅಂದರು.

ಯಾರೋ ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ಜಪಾನಿನ ಹಿರಿಯಾಕೆ ಆಗಲೇ ಮಂಡಿಯೂರಿ, ಗೋಡೆಯ ಮೇಲ್ಮೈ ಕೆರೆದು ಹಾಕಿ, ಒಳಗಿನ ಬೂದಿ ಮಣ್ಣನ್ನು ಜರಡಿಗೆ ತುಂಬುತ್ತಿದ್ದರು. ಒಬ್ಬರು ಅವಸರಕ್ಕೆ ಕೆರೆಯಿಂದ ಒಂದು ಮಗ್ಗು ನೀರು ಮೊಗೆದು ತಂದರು. "ಆ ನೀರು ಬೇಡ!" ಅಂತ ಅಮೃತ ಕೂಗಿದರು. "ಅದರಲ್ಲಿ ಈಗ ಬದುಕಿರೋವು ಸೇರ್ಕೊಂಡಿರ್ತವೆ. ಕ್ಯಾನಿನದು ಹಾಕಿ." ಮಗ್ಗನ್ನು ಪಕ್ಕದಲ್ಲೇ ಇದ್ದ ಕೆರೆಯ ಮೆಟ್ಟಿಲ ಮೇಲಿಟ್ಟರು.

ಸಾವಿರ ವರ್ಷದ ಮಣ್ಣು ಕರಗಿ ಹಾಲಿನ ಹಾಗೆ ಹರಿದು ಹೋಯಿತು. ಜರಡಿಯಲ್ಲಿ ಚಿಟಿಕೆಯಷ್ಟು ಪುಡಿ ಉಳಿಯಿತು. ಪೆಟ್ಟಿಗೆಯಲ್ಲಿ ತಂದಿದ್ದ ಮೈಕ್ರೋಸ್ಕೋಪನ್ನು ಮೆಟ್ಟಿಲ ಚಪ್ಪಡಿಯ ಮೇಲಿಟ್ಟು, ಬಿಸಿಲಿಗೆ ಒಣಗಿಸಿದ ಆ ಪುಡಿಯನ್ನು ಕಪ್ಪು ತಟ್ಟೆಯಲ್ಲಿ ಹರಡಿದರು. ರವಿಚಂದ್ರ ಕಣ್ಣಿಟ್ಟರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದಾಗ ಗಂಟಲು ಸಣ್ಣದಾಗಿತ್ತು.

"ನೋಡಮ್ಮ," ಅಂದರು. "ಕುಂಚ ತಗೋ."

ಪಟ್ಟಲಮ್ಮ ಕೆಳಗಿನ ಮೆಟ್ಟಿಲ ಮೇಲೆ ಕೂತು ಉಸಿರು ಹಿಡಿತಕ್ಕೆ ಬರುವ ತನಕ ಕಾದರು. ಆಮೇಲೆ ಕುಂಚದ ತುದಿ ಒದ್ದೆ ಮಾಡಿಕೊಂಡು ಎತ್ತತೊಡಗಿದರು. ಒಂದು ದೊಡ್ಡದು. ಅದರ ಪಕ್ಕ ಅದಕ್ಕಿಂತ ಸಣ್ಣದು. ಅದರ ಪಕ್ಕ ಇನ್ನೂ ಸಣ್ಣದು. ಚಾಕಿ ಮನೆಯ ಕೈ ಈಗ ಮೊದಲ ಸಲ ಪೀಚುಗಳನ್ನು ಹುಡುಕುತ್ತಿತ್ತು. ಸಾಲು ಮುಗಿಸಿ ಪಕ್ಕಕ್ಕೆ ಸರಿದಾಗ ಎಲ್ಲರೂ ಒಬ್ಬೊಬ್ಬರಾಗಿ ನೋಡಿದರು. ನನ್ನ ಸರದಿಯೂ ಬಂತು.

ಏನು ಕಂಡೆ ಅಂತ ಹೇಗೆ ಹೇಳಲಿ? ಕತ್ತಲೆಯ ಮೇಲೆ ಬಿಳಿ ಅವರೆಕಾಳುಗಳ ಒಂದು ಸಾಲು. ಮೊದಲನೆಯದು ಬಿಸಿಲಿಗೆ ಮಿನುಗುತ್ತಿತ್ತು. ಸಾಲು ಮುಂದೆ ಹೋದಂತೆ ಕರಗುತ್ತಾ ಕರಗುತ್ತಾ, ಕೊನೆಯದು ಇದೆಯೋ ಇಲ್ಲವೋ ಅನ್ನುವಷ್ಟು. ನನ್ನ ಉಸಿರಿಗೆ ಹಾರೀತೆಂದು ಉಸಿರು ಬಿಗಿಹಿಡಿದೆ. ಆ ಕೊನೆಯದಕ್ಕೂ ಅಂಚಿತ್ತು, ಗೆರೆಯಿತ್ತು, ಎಡಬಲವಿತ್ತು. ಈ ಊರಿಗೆ ಹೆಸರೇ ಇಲ್ಲದಿದ್ದ ಕಾಲದಲ್ಲಿ, ಇದೇ ನೀರಿನ ತಳದಲ್ಲಿ, ಅಷ್ಟು ಸಣ್ಣ ಜೀವವೊಂದು ತಿನ್ನುವುದನ್ನು ಬಿಟ್ಟು ಸುಮ್ಮನೆ ಕೂತು, ಇಕ್ಕಟ್ಟಾದ ಮನೆಯನ್ನು ಕಳಚಿಟ್ಟು, ತನ್ನ ಅಳತೆಗೆ ಹೊಸ ಮನೆ ಕಟ್ಟಿಕೊಂಡಿತ್ತು. ಕಳಚಿಟ್ಟದ್ದನ್ನು ಕೆರೆ ಜೋಪಾನ ಮಾಡಿತ್ತು. ದಂಡುಗಳು ಬಂದವು, ದೊರೆಗಳು ಬಂದರು, ನಾಲೆ ಬಂತು, ಕರೆಂಟು ಬಂತು, ಮೆಟ್ಟಿಲಿಗೆ ಯಾರು ಬರಬಹುದು ಯಾರು ಬರಬಾರದು ಅಂತ ಹೇಳುವವರು ಬಂದರು. ಅದು ಅಲ್ಲೇ ಇತ್ತು. ನಾನು ದಿನಾ ಬೈದು ಬದುಕುವವನು. ಅವತ್ತು ಕಣ್ಣು ಎತ್ತಿದಾಗ ಬೈಯಲು ಏನೂ ತೋಚಲಿಲ್ಲ.

ರವಿಚಂದ್ರ ಎಲ್ಲರನ್ನೂ ಏರಿಯ ಹತ್ತಿರ ಕರೆದು, ನಿನ್ನೆ ನಾನು ಹೇಳಿದ್ದು ತಪ್ಪು, ಇಲ್ಲಿ ನೀರು ನಿಂತಿತ್ತು, ಇದು ಕೆರೆ, ಅಂತ ಇಂಗ್ಲಿಷಿನಲ್ಲಿ ಹೇಳಿದರು. ಹೇಳಲು ಕಷ್ಟಪಟ್ಟರು, ಆದರೆ ನುಂಗಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಗೌರವವಿದೆ. ಆಮೇಲೆ ಪಟ್ಟಲಮ್ಮನ ಕಡೆ ತಿರುಗಿದರು. ಚಿಕ್ಕಮಾದು ಮರದ ಕೆಳಗಿನಿಂದ ಎದ್ದು ನಿಂತರು.

"ಒಂದು ಜರಡಿ ಮಣ್ಣು ನೋಡಿದ್ರೆ ಆಗಲ್ಲಮ್ಮ. ಪದರ ಪದರಾನೂ ಮತ್ತೆ ಆರಿಸಬೇಕು. ಕಂಬದ ಇನ್ನರ್ಧ ಬೀರುವಿನಲ್ಲಿದೆ. ಅದನ್ನ ಬಿಚ್ಚಬಾರದು." ಕೋಲನ್ನು ನೆಲಕ್ಕೆ ಊರಿದರು. "ಬಿಚ್ತೀವಿ. ಆರಿಸೋರು ಯಾರು?"

ಪಟ್ಟಲಮ್ಮ ಮುಂದೆ ಬಂದರು. "ನಾನು ಆರುಸ್ತೀನಿ ಸಾರ್. ಆದ್ರೆ ಈ ಸಲ ಎಲ್ಲಾ ಯೋಳ್ಕೊಟ್ಟು ಕೆಲ್ಸ ಕೊಡಿ. ಮಣ್ಣು ಅಂದ್ರೆ ಏನು, ಯಾಕೆ, ಎಲ್ಲಾ."

"ಹೇಳ್ಕೊಡ್ತೀನಿ," ಅಂದರು ರವಿಚಂದ್ರ. "ನಾನೇ ಹೇಳ್ಕೊಡ್ತೀನಿ ಬಾಮ್ಮ."

ಎಲ್ಲರೂ ಬಸ್ಸಿನ ಕಡೆ ಹೊರಟರು. ಅಮೃತ ಮೆಟ್ಟಿಲ ಮೇಲೆ ಮರೆತಿದ್ದ ಮಗ್ಗನ್ನು ಎತ್ತಿ, ಸ್ವಲ್ಪ ನೀರನ್ನು ಗಾಜಿನ ತಟ್ಟೆಗೆ ಸುರಿದು ಮೈಕ್ರೋಸ್ಕೋಪಿನ ಕೆಳಗಿಟ್ಟರು. "ಅಕ್ಕ, ಇಲ್ಲಿ ನೋಡಿ."

ಪಟ್ಟಲಮ್ಮ ಬಗ್ಗಿದರು. ಬಗ್ಗಿದವರು ಬೆಚ್ಚಿ ಹಿಂದೆ ಸರಿದು, ಮತ್ತೆ ಬಗ್ಗಿದರು. ಇಷ್ಟು ದಿನ ಖಾಲಿ ಚಿಪ್ಪುಗಳನ್ನೇ ನೋಡಿದ ಕಣ್ಣಿನ ಮುಂದೆ ಒಂದು ಚಿಪ್ಪು ಬಾಯಿ ತೆರೆದು, ಎಳೆಯಂಥ ಮೀಸೆ ಆಡಿಸುತ್ತಾ, ತಟ್ಟೆಯ ತುಂಬ ಓಡಾಡುತ್ತಿತ್ತು.

"ಉಸ್ರದೆ ಕಣಮ್ಮ ಇದ್ಕೆ!" ಅಂತ ಕೂಗಿದರು. "ಮಾವ, ಬನ್ನಿ ಇಲ್ಲಿ! ನಮ್ಮ ಕೆರೇದು!"

ಚಿಕ್ಕಮಾದು ಮೆಟ್ಟಿಲಿನ ಹತ್ತಿರ ಬಂದು ನಿಂತರು. ಎಂದೂ ಇಳಿಯದ ಮೆಟ್ಟಿಲು ಅದು. ಅವರು ಸುತ್ತಲೂ ಒಂದು ಸಲ ನೋಡಿದರು. ಆಮೇಲೆ ಟವಲನ್ನು ಹೆಗಲಿಂದ ತೆಗೆಯದೆಯೇ, ಒಂದೊಂದಾಗಿ ಇಳಿದು ಬಂದು ಸೊಸೆಯ ಪಕ್ಕ ಬಗ್ಗಿದರು. ನೋಡಿ ಮುಗಿದ ಮೇಲೆ ಪಟ್ಟಲಮ್ಮ ಆ ತಟ್ಟೆಯ ನೀರನ್ನು ಚೆಲ್ಲದೆ ಒಯ್ದು, ಕೆರೆಗೆ ಮೆಲ್ಲಗೆ ಬಿಟ್ಟರು.

ಮೊನ್ನೆ ಮಂಡ್ಯಕ್ಕೆ ಹೋದವನು ಆ ಶೀಟಿನ ಕೋಣೆಗೆ ಇಣುಕಿದೆ. ಬೀರುವಿನ ಹೋಳು ಬಿಚ್ಚಿದ್ದರು. ತೊಟ್ಟಿಯ ತೂತಿಗೆ ಪಟ್ಟಲಮ್ಮ ತಾವೇ ಬಿಳಿ ಬಟ್ಟೆ ಕಟ್ಟಿದ್ದರು, ನೀರು ಬಿಟ್ಟು ಇನ್ನೇನೂ ಆಚೆ ಹೋಗದ ಹಾಗೆ. ಗೋಡೆಯ ಮೇಲೆ ಎಂಟು ಜ್ವರದ ಚಿತ್ರ. ಮಾತಾಡಿಸಿದೆ. ಕಣ್ಣು ಮೈಕ್ರೋಸ್ಕೋಪಿನಿಂದ ಎತ್ತದೆ, ಎಡಗೈಯಲ್ಲಿ ಸ್ಟೂಲು ತೋರಿಸಿದರು.

"ಕುಂತ್ಕೊ ಅಣ್ಣ, ಜೋರಾಗಿ ಮಾತಾಡ್ಬೇಡ. ಇನ್ನೂ ಒಂದ್ನೇ ಜ್ವರದ್ದು ಸಿಕ್ನಿಲ್ಲ."